ಅಸಲಿನಂತೆ ನಕಲು

ಬನಹಟ್ಟಿ ಕೋರ್ಟಿನಾಗ ನಾ ಆರೋಪಿ ನಂಬರ್ ಎರಡು.
ಒಂದನೇದಾಂವ ಅಂಗಡಿ ಮಾಲಕ, ಧಾರವಾಡಕ್ಕ ಹೋಗಿ
ತನ್ನ ಹೆಸರಿನ ಮಟ್ಟಿಗೆ ಕೇಸು ರದ್ದ ಮಾಡಿಸಿಕೊಂಡ.
ಉಳದಾಂವ ನಾ. ನಾ ಅಂದ್ರ
ಬಸ್ ಸ್ಟ್ಯಾಂಡಿನ ಮಗ್ಗಲ ಆರು ಫೂಟಿನ ಡಬ್ಬಿ ಅಂಗಡ್ಯಾಗ
ಇಪ್ಪತ್ತು ರೂಪಾಯಿಗೆ ಮೆಮರಿ ಕಾರ್ಡು ತುಂಬಿ ಕೊಡತಿದ್ದ ಹುಡುಗ.

ಮಗ್ಗದ ಮಂದಿಗೆ ಕಿವಿ ಬ್ಯಾರೆ ಇರತಾವು.
ಹಗಲ ಪಾಳಿ ಖಟಕ್ ಖಟಕ್, ರಾತ್ರಿ ಪಾಳಿ ಖಟಕ್ ಖಟಕ್,
ಆ ಸಪ್ಪಳದಾಗಿಂದ ಹಾಡು ಆರಿಸಿ ತಗೋತಾವು
ಅಕ್ಕಿಯೊಳಗಿನ ಹಳ್ಳು ಆರಿಸಿದಂಗ.
"ನಿದ್ದಿ ಬರದಂಥಾವು ಹಾಕು" ಅಂತಿದ್ದ ಮುರಿಗೆಪ್ಪ.
"ಹೇಂತಿ ಮುಂದ ಹಚ್ಚಬಾರದಂಥಾವು ಒಂದ ಹತ್ತು" ಅಂತಿದ್ದ ಇನ್ನೊಬ್ಬ.
ನಾಕು ಜೀಬಿಯೊಳಗ ಎಂಟನೂರು ಹಾಡು,
ಯಾವದು ಯಾರದು ಅಂತ ಕೇಳಿದವರಿಲ್ಲ.

ನಮ್ಮಪ್ಪನೂ ಕಾರ್ಡಿನಾಂವನ.
ಜಕಾರ್ಡ ಮಗ್ಗಕ್ಕ ರಟ್ಟಿನ ಕಾರ್ಡು ತೂತು ಹೊಡಿತಿದ್ದ.
ಹೊರಗಿನ ಸೀರಿ ಕೈಗೆ ಸಿಕ್ರ ಬಿಸಲಿಗೆ ಹಿಡದು
ಎಳಿ ಎಣಿಸಿ, ಗ್ರಾಫ್ ಹಾಳಿ ಮ್ಯಾಲ ಚುಕ್ಕಿ ಇಟ್ಟು
ಎಂಟ ದಿನದಾಗ ಅದ ಸೆರಗು ನಮ್ಮ ಓಣ್ಯಾಗ.
ಒಮ್ಮೆ ಗುಳೇದಗುಡ್ಡದಾಂವ ಒಬ್ಬ ಜಗಳಾ ಮಾಡಾಕ ಬಂದು
ಚಾ ಕುಡದು, ಸೀರಿ ತಿರುವಿ ನೋಡಿ
"ನನ್ನ ದಡಿ ಇಲ್ಲೇ ಚೊಲೊ ಬಿದ್ದೈತಲ್ಲೋ" ಅಂದು ಹ್ವಾದ.

ನನ್ನಲ್ಲಿ ಬಂದವರು ಚಾ ಕುಡಿಲಿಲ್ಲ.
ಜೀಪು, ಇಬ್ಬರು ಪೊಲೀಸರು, ಕಂಪನಿಯ ಟೈ ಕಟ್ಟಿದಾಂವ.
ಕಂಪ್ಯೂಟರ್ ಒಂದು, ಕಾರ್ಡು ಮೂವತ್ತೊಂದು, ರೀಡರ್ ಎರಡು,
ಗಲ್ಲೆದಾಗಿನ ನೂರಾ ನಲವತ್ತು ರೂಪಾಯಿ,
ಅರಬಿ ಚೀಲದಾಗ ಹಾಕಿ ಅರಗಿನ ಸೀಲು.
ಕಲಂ ಅರವತ್ಮೂರು.
ಒಂಬತ್ತು ವರ್ಷ. ನಡುವ ನಾಕು ಸಾಹೇಬರು ಬದಲಾದರು.
ಮೆಮರಿ ಕಾರ್ಡು ಅನ್ನೂದ ಸತ್ತುಹೋತು,
ಮಂದಿ ಗಾಳಿಯಾಗಿಂದ ಹಾಡು ಇಳಿಸಿಕೊಳ್ಳಾಕ ಹತ್ತಿದರು,
ನಾ ಮಾತ್ರ ತಾರೀಖಿಗೊಮ್ಮೆ ಪಗಾರ ಮುರಕೊಂಡು
ಕೈ ಕಟ್ಟಿ ನಿಂತೆ.

ನಾಕನೇ ಸಾಕ್ಷಿ, ಹೊಳೆಬಸವ್ವ, ಊರು ಆಸಂಗಿ.
ಕಂಪನಿಯವರ ಕಾರು ಮಾಡಿ ಕರಕೊಂಡು ಬಂದಿದ್ದರು.
ಹಿಂದೊಮ್ಮೆ ಹದಿನೈದನೂರು ರೂಪಾಯಿ, ಒಂದು ಪತ್ತಲ ಕೊಟ್ಟು
ಹೆಬ್ಬಟ್ಟು ಒತ್ತಿಸಿಕೊಂಡ ದನಿ ಅಕಿದು.
ಸೀಲು ಒಡದು, ನನ್ನ ಹಳೇ ಕಂಪ್ಯೂಟರಿಗೆ ಹೆಂಗೋ ಜೀವಾ ಬರಿಸಿ
ಹಾಡು ಹಚ್ಚಿದರು.
"ಈ ದನಿ ನಿಮ್ಮದೇನು?"
ಕಟಕಟಿ ಹಿಡಕೊಂಡು, ಕಣ್ಣು ಮುಚ್ಚಿ, ಕಡೀತನಕ ಕೇಳಿ ಅಂದಳು:
"ದನಿ ನಂದ ಯಪ್ಪಾ. ಹಾಡು ನಮ್ಮವ್ವಂದು.
ಅಕಿಗೆ ಯಾರು ಕೊಟ್ಟಿದ್ರೋ.
ಆದ್ರ ಇದರಾಗ ಒಂದು ನುಡಿ ಇಲ್ಲ,
ರೀಲು ತೀರತೈತಿ ಅಂತ ಅವತ್ತ ಬಿಡಿಸಿದ್ರು."
ಮತ್ತ ಯಾರೂ ಕೇಳದನ
ಆ ನುಡಿ ಹಾಡಿದಳು.

ಫ್ಯಾನು ತಿರಗತಿತ್ತು. ಜವಾನ ಬಾಗಿಲದಾಗ ನಿಂತುಬಿಟ್ಟ.
ಟೈಪಿನ ಬಾಯಿ ಬೆರಳು ಎತ್ತಿ ಸಾಹೇಬರ ಮಾರಿ ನೋಡಿದಳು.
ನನ್ನ ಮೊಬೈಲು ಸ್ವಿಚಾಫ್, ಕೋರ್ಟಿನ ನಿಯಮ.
ಒಂದು ಚಾ ಕುಡಿಯೂದರಾಗ ಎಂಟನೂರು ಹಾಡು ಇಳಿಸಿದ ಕೈ
ಕಿಸೆದಾಗ ಸುಮ್ಮನ ಇತ್ತು.
ಒಬ್ಬ ಹೆಣಮಗಳು ಹೊಳಿ ದಾಟತಾಳ ಅದರಾಗ,
ಕೊಡದಾಗ ದೀಪ ಇಟಗೊಂಡು.
ಮುಂದಿನ ಸಾಲು ನನಗ ಹತ್ತಲಿಲ್ಲ.

ಪಂಚರಿಬ್ಬರೂ ತಿರುಗಿ ಬಿದ್ದರು, ನಾ ಬಿಡುಗಡೆ ಆದೆ.
ಅಪೀಲು ಮಾಡತೀವಿ ಅಂದ ಕಂಪನಿ ಮತ್ತ ಮಾರಿ ತೋರಸಲಿಲ್ಲ.
ಹೊಳೆಬಸವ್ವ ಆ ಮಾಗಿ ದಾಟಲಿಲ್ಲ.

ಮೊನ್ನೆ ಕೋರ್ಟಿನ ನಕಲು ವಿಭಾಗಕ್ಕ ಅರ್ಜಿ ಹಾಕಿದೆ.
ಕಿಡಕಿಯಾಗಿನ ಗುಮಾಸ್ತ ಗುರುತು ಹಿಡದು ನಕ್ಕ:
"ನಿನಗ ಇನ್ನೂ ನಕಲಿನ ಚಟಾ ಹೋಗಿಲ್ಲಲ್ಲೋ!"
ನಾಕನೇ ಸಾಕ್ಷಿಯ ಹೇಳಿಕೆ, ಎರಡು ಹಾಳಿ,
ಕೆಳಗ ನೀಲಿ ಶಿಕ್ಕಾ: ಅಸಲಿನಂತೆ ನಕಲು.
ಎರಡನೇ ಹಾಳಿಯ ನಡುವ, ಕಂಸದೊಳಗ,
(ಸಾಕ್ಷಿದಾರರು ಹಾಡಿದರು.)
ಮುಂದ ಒಂದು ಸಾಲು ಖಾಲಿ, ಆಮ್ಯಾಲ ಪಾಟೀಸವಾಲು.

ಹೊರಗ ಬಂದು, ಬೇವಿನ ಗಿಡದ ನೆರಳು ಬಿಟ್ಟು ನಿಂತು
ಹಾಳಿ ಬಿಸಲಿಗೆ ಹಿಡದೆ.