ಮೂಟೆ ಇಲ್ಲೆ

ಗೋಣಿಕೊಪ್ಪದ ಕಾಫಿ ಕ್ಯೂರಿಂಗಿನಲ್ಲಿ
ತೂಕದ ಯಂತ್ರಕ್ಕೆ ಒಂದು ಹಳೇ ಭಾಷೆ,
ಕುಶಾಲನಗರದ ಲೆಕ್ಕದ ಕೋಣೆಗೆ ಇನ್ನೊಂದು, ಹೊಸದು.
ಎರಡಕ್ಕೂ ಮಾತು ಬೆಸೆಯಲು ನನ್ನನ್ನು ಕರೆಸಿದ್ದರು.
ದಿನಕ್ಕೆ ಇಷ್ಟು, ಊಟ ಅವರದು.

ಮೊದಲ ರಾತ್ರಿ ಕಳಿಸಿದ್ದು ಒಂದೇ ಮೂಟೆ,
ರೋಬಸ್ಟಾ ಚೆರಿ, ಐವತ್ತು ಕಿಲೋ.
ಅಲ್ಲಿ ಬಿಚ್ಚಿದರೆ
ಎಂಬತ್ತಮೂರು ಕೋಟಿ ಎಂಬತ್ತೆಂಟು ಲಕ್ಷ
ಅರವತ್ತು ಸಾವಿರದ ಎಂಟುನೂರು.

ತೂಕದ ಉತ್ತಯ್ಯನವರು ಕನ್ನಡಕ ಹಣೆಗೇರಿಸಿ
“ಬ್ರಹ್ಮಗಿರಿಯನ್ನೇ ಗೋಣಿಗೆ ತುಂಬಿಸಿದಿರಾ?” ಅಂದರು.

ತಪ್ಪು ಯಾರದೂ ಅಲ್ಲ.
ನಾಲ್ಕು ಬೈಟು ಸಾಲಾಗಿ ಹೊರಟವು, ಸಾಲಾಗೇ ತಲುಪಿದವು.
ಒಬ್ಬರು ತಲೆಯಿಂದ ಓದಿದರು,
ಇನ್ನೊಬ್ಬರು ಬಾಲದಿಂದ.

ಬೈಟಿನ ಗುಟ್ಟು ಬೇಡ, ಬಿಡಿಸಿ ಬರೆಯೋಣ ಎಂದೆ.
ಐದು, ಸೊನ್ನೆ, ಅಕ್ಷರ ಅಕ್ಷರವಾಗಿ;
ಪ್ರತಿ ಅಂಕಿಯ ಕೊರಳಿಗೂ ಅದರದರ ಹೆಸರು;
ದಿನಾಂಕದಲ್ಲಿ ವರ್ಷ ಮೊದಲು.
ತೂಗದೇ ಬಿಟ್ಟದ್ದು ಸೊನ್ನೆ ಅಲ್ಲ,
ಸೊನ್ನೆ ಎಂದರೆ ತೂಗಿ ನೋಡಿದ್ದು:
ಇಷ್ಟು ಹೇಳಲು ಒಂದಿಡೀ ಮಧ್ಯಾಹ್ನ ಹೋಯಿತು.
“ನನಗೆ ಗೊತ್ತು ಅದು,” ಅಂದರು ಉತ್ತಯ್ಯನವರು,
“ನಿಮ್ಮ ಯಂತ್ರಕ್ಕೆ ಗೊತ್ತಾ?”

ಎಂಟು ದಿನ ಸರಿಹೋಯಿತು.
ಇಲ್ಲಿ ಕಟ್ಟಿದ್ದನ್ನು ಅಲ್ಲಿ ಬಿಚ್ಚಿ,
ಅಲ್ಲಿ ಬಿಚ್ಚಿದ್ದನ್ನು ಮತ್ತೆ ಕಟ್ಟಿಸಿ
ವಾಪಸು ತರಿಸಿ ಹೋಲಿಸಿದೆ.
ಒಂದು ಒತ್ತಕ್ಷರವೂ ಉದುರಿರಲಿಲ್ಲ.

ಒಂಬತ್ತನೇ ದಿನ ನಸೀಮಾಳ ಫೋನು.
“ನಾನ್ನೂರ ಹದಿನೇಳನೇ ಮೂಟೆ ಲೆಕ್ಕದಲ್ಲಿದೆ, ಲಾರಿಯಲ್ಲಿಲ್ಲ.
ನಿಮ್ಮವರೇ ಷರಾ ಬರೆದಿದ್ದಾರಲ್ಲ, ಮೂಟೆ ಇಲ್ಲೆ ಅಂತ.
ದೀರ್ಘ ಮರೆತಿರಬೇಕು ಅಂದ್ಕೊಂಡು
ಗೋದಾಮಿನಲ್ಲಿದೆ ಅಂತ ಹಾಕಿಕೊಂಡೆ.”

ತೆಗೆದು ನೋಡಿದೆ.
ಲಿಪಿ ಕನ್ನಡದ್ದು, ಮಾತು ಕೊಡವ ತಕ್ಕ್.
ಅವರ ಬಾಯಲ್ಲಿ ಇಲ್ಲೆ ಎಂದರೆ ಇಲ್ಲ.
ಅವಳ ಮೇಜಿನ ಮೇಲೆ ಅದೇ ಇಲ್ಲೆ, ಇಗೋ ಇಲ್ಲೇ.
ಬೈಟುಗಳು ಒಂದೊಂದೂ ನೆಟ್ಟಗಿದ್ದವು.
ಯಾವ ಕಡೆಯೂ ಕೆಂಪು ಸಾಲು ಬಂದಿರಲಿಲ್ಲ.

ಷರಾದ ಪಕ್ಕ ‘ಭಾಷೆ’ ಎಂದೊಂದು ಖಾನೆ ಸೇರಿಸಿದೆ.
ಅಳಿಸಿದೆ.
ಮತ್ತೆ ಸೇರಿಸುವಷ್ಟರಲ್ಲಿ ಉತ್ತಯ್ಯನವರು
ಬೀಗದ ಗೊಂಚಲು ಆಡಿಸುತ್ತ ಬಾಗಿಲಲ್ಲಿ ನಿಂತಿದ್ದರು.
“ಬನ್ನಿ, ತೋರಿಸ್ತೀನಿ.”

ಗೋದಾಮಿನ ಕೊನೇ ಸಾಲು. ಟಾರ್ಚು ಹಾಕಿದರು.
ಎರಡು ಮೂಟೆಗಳ ನಡುವೆ ನೆಲದ ಮೇಲೆ
ಹೊಟ್ಟಿನ ಧೂಳು ಕೂರದೆ ಉಳಿದ ಒಂದು ಚೌಕ,
ಮೂಟೆಯಷ್ಟೇ ಅಗಲ.
ಬಗ್ಗಿ, ಅದರ ಮೇಲೆ ಬೆರಳಿಟ್ಟು,
“ಇಲ್ಲೆ” ಅಂದರು.

ಯಾವ ಭಾಷೆಯಲ್ಲಿ ಎಂದು ನಾನು ಕೇಳಲಿಲ್ಲ.