ರುಜು

ಶನಿವಾರ ಬೆಳಿಗ್ಗೆ ದೋರಾ ನದಿಯ ಮೇಲಿನ ಮಂಜು
ಏಳಲೋ ಬೇಡವೋ ಎಂದು ಇನ್ನೂ ಮನಸ್ಸು ಮಾಡಿರುವುದಿಲ್ಲ.
ಟ್ಯೂರಿನ್ನಿನ ಹಳೇಸಾಮಾನಿನ ಸಂತೆಯಲ್ಲಿ
ಗವೀನೊ ಕಂಬಳಿ ಹಾಸಿ ಒಂದೊಂದೇ ಇಳಿಸುತ್ತಾನೆ:
ಹಿಡಿ ಮುರಿದ ಕಾಫಿ ಗಿರಣಿ, ಒಂಟಿ ಕೈಗವಸು,
ಯಾರದೋ ಹಲ್ಲುಸೆಟ್ಟು.
ಆಮೇಲೆ, ನನ್ನನ್ನು ಕಂಡೂ ಕಾಣದವನಂತೆ,
ಬಿಸ್ಕತ್ತಿನ ಆ ತಗಡಿನ ಡಬ್ಬಿ.

"ಸಿನ್ಯೋರಾ ಒತ್ತಾವಿಯಾ, ನಿಮ್ಮ ಯಜಮಾನರು ಬಂದಿದ್ದಾರೆ."
ಹಳೇ ಜೋಕು. ಇಪ್ಪತ್ತು ವರ್ಷದಿಂದ
ನಗುತ್ತಲೇ ಬಂದಿದ್ದೇನೆ, ಬೆಲೆ ಇಳಿಯಲೆಂದು.

ಯಜಮಾನರೆಂದರೆ ಇಲ್ದೆಬ್ರಾಂದೊ ಸೆರ್ರಾ, ಮೂಕಿ ಚಿತ್ರಗಳ ನಾಯಕ.
ನನ್ನಜ್ಜಿ ಹದಿನಾರರಲ್ಲಿ ಯಾರಿಗಾಗಿ ಊಟ ಬಿಟ್ಟಳೋ, ಅವನು.
ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ,
ತೋಳಿನಲ್ಲಿ ಎಂದೂ ಹಾರದ ಬಂದೂಕು.
ಅವನ ರೀಲುಗಳನ್ನೆಲ್ಲ ಕರಗಿಸಿ
ಬಾಚಣಿಗೆ ಮಾಡಿದರಂತೆ. ಯಾರು ಯಾರ ತಲೆಯಲ್ಲಿ ಓಡಿದನೋ.
ಉಳಿದದ್ದು ಈ ಕಾರ್ಡುಗಳು: ಅಂಗೈಯಗಲ, ಚಹಾದ ಬಣ್ಣ,
ಎದೆಯ ಮೇಲೆ ಓರೆಯಾಗಿ ನೇರಳೆ ಶಾಯಿಯ ರುಜು.

ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳು ನಾನು.
ಮರಣವಾರ್ತೆಯ ಕಾಲಂ.
ಬದುಕಿರುವವರ ಹೆಸರು ತಪ್ಪಿದರೆ ಅವರೇ ಫೋನು ಮಾಡುತ್ತಾರೆ,
ಸತ್ತವರದು ತಪ್ಪಬಾರದು.
ಹೀಗೆ ಕಣ್ಣು ಕೆಟ್ಟಿತು, ಅಂದರೆ ಚುರುಕಾಯಿತು.

ಅರವತ್ತೆರಡು ಕಾರ್ಡು ಕೂಡಿದ ಮೇಲೆ ಒಂದು ರಾತ್ರಿ
ಅಡುಗೆಮನೆ ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿ ಕೂತೆ.
ಹದಿನಾರನೇ ಇಸವಿಯ ಮೇ ತನಕ
ಸೆರ್ರಾದ ಜೋಡಿ ಆರ್‌ಗಳು ಕುದುರೆ ಸವಾರರು,
ಮುಂದಕ್ಕೆ ಬಾಗಿ, ಧೂಳೆಬ್ಬಿಸಿ.
ಆಮೇಲಿನವು ನೆಟ್ಟಗೆ,
ಹೆಣಿಗೆಯ ಎರಡು ಕುಣಿಕೆ, ಒಂದರ ಕೈ ಒಂದು ಹಿಡಿದು.
ಹೊಟ್ಟೆಯೊಳಗೆ ತಣ್ಣಗೆ ಏನೋ ಜಾರಿತು.
ಪೆನ್ಸಿಲು ತೆಗೆದು ಅಂಚಿನಲ್ಲಿ ಪ್ರಶ್ನೆಯ ಕೊಂಡಿ ಹಾಕಹೋದೆ,
ಅಭ್ಯಾಸಬಲ.

ಆ ಮೇನಲ್ಲೇ ಅವನು ಗಡಿಗೆ ಹೋದದ್ದು.
ತಿರುಗಿ ಬಂದ. ಬಂದ ಮೇಲಿನ ಪಟಗಳಲ್ಲಿ
ಬಲಗೈ ಯಾವಾಗಲೂ ಕೋಟಿನ ಜೇಬಿನೊಳಗೆ.
ಅದನ್ನೇ ಠೀವಿಯೆಂದು ನಂಬಿ ಊರ ಹುಡುಗರೆಲ್ಲ
ಕೈ ಜೇಬಿಗಿಳಿಸಿ ನಡೆದರು, ಅಜ್ಜಿ ಹೇಳುತ್ತಿದ್ದಳು,
ನಿನ್ನ ತಾತನೂ.

ಹೋದ ವಾರ ಡಬ್ಬಿಯ ತಳದಲ್ಲಿ ರುಜುವಿಲ್ಲದ್ದೊಂದು ಸಿಕ್ಕಿತು.
"ಇದಕ್ಕೆ ಬೆಲೆಯಿಲ್ಲ," ಅಂದ ಗವೀನೊ, "ಹಾಗೇ ಇಟ್ಟುಕೊಳ್ಳಿ."
ಹಿಂದೆ ತಿರುಗಿಸಿದೆ. ಅದೇ ನೇರಳೆ:

*ಉಪ್ಪು ಅರ್ಧ ಕಿಲೊ. ಕಪ್ಪು ದಾರ.
ಬ್ರೆಡ್ಡು ಸಿಕ್ಕಿದರೆ. ಸಾಲು ಐದಕ್ಕೇ ಶುರು.
ಅವನ ಅಂಗಿಯ ಗುಂಡಿ ಕಿತ್ತು ಕೊಕ್ಕೆ ಹಚ್ಚಬೇಕು.
ಇವತ್ತು ನಲವತ್ತಾಯಿತು.*

ನಡುವೆ ಬೆಣ್ಣೆ ಎಂದು ಬರೆದು ಹೊಡೆದುಹಾಕಿದೆ.
ನಮ್ಮ ಬೆಣ್ಣೆ ಬುರ್ರೊ. ಅದಕ್ಕೂ ಎರಡು ಆರ್.
ಗೀಟಿನ ಕೆಳಗೆ ಅವೇ ಕುಣಿಕೆ, ಅದೇ ಕೈಹಿಡಿತ.

ತಾಯಿಯೋ, ತಂಗಿಯೋ, ಬಾಡಿಗೆ ಕೇಳುವುದನ್ನು ಬಿಟ್ಟ ಮನೆಯೊಡತಿಯೋ.
ರುಜು ಇದೆ, ರುಜುವಾತಿಲ್ಲ.
ಇಡೀ ಊರಿನ ದಿಂಬಿನಡಿಗೆ ಹೋದ ಹೆಸರನ್ನು
ದಿನಕ್ಕೆ ನಲವತ್ತು ಸಲ ಬರೆದು
ತನ್ನದನ್ನು ಒಂದು ಸಲವೂ ಬರೆಯದ ಕೈ.
ನನ್ನ ಕಾಲಮ್ಮಿನಲ್ಲಿ ಎಂದಾದರೂ ಬಂದಿತ್ತೇ?
ತಿದ್ದಿದ್ದೆನೇ, ಸರಿಯಾಗಿ?

ಇವತ್ತು ಪಕ್ಕದಲ್ಲಿ ಕಿವಿಗೆ ಮೂರು ರಿಂಗಿನ ಹುಡುಗ,
ಹದಿನೇಳರ ಸೆರ್ರಾನನ್ನು ಉಗುರಂಚಿನಲ್ಲಿ ಹಿಡಿದವನು ಕೇಳಿದ:
"ಮೂವತ್ತು ಯೂರೊ ಅನ್ನುತ್ತಾನೆ. ಅಸಲಿಯೇ ಇದು?"
ಗವೀನೊ ಕಾಫಿ ಗಿರಣಿಯನ್ನು ಒರೆಸತೊಡಗಿದ,
ಒರೆಸಿದ್ದನ್ನೇ ಮತ್ತೆ.

ಕನ್ನಡಕ ಹಣೆಗೇರಿಸಿ ಕಾರ್ಡನ್ನು ಕಣ್ಣಿಗೆ ತಂದುಕೊಂಡೆ.
ಎರಡನೇ ಕುಣಿಕೆಯ ಬಳಿ ಶಾಯಿ ಕದಡಿತ್ತು,
ಒಲೆಯ ಮೇಲೆ ಏನೋ ಉಕ್ಕಿ
ಅರ್ಧಕ್ಕೇ ಎದ್ದು ಓಡಿದ ಹಾಗೆ.

"ಕೈ ಅಸಲಿ," ಅಂದೆ.
"ಇಪ್ಪತ್ತಕ್ಕೆ ಕೇಳು."