ಕೊನೆಯ ಲೋಕಲ್ ಹೋದ ಮೇಲೆ

ಡೊಂಬಿವಲಿಯ ಕೊನೆಯ ಲೋಕಲ್ ಹೋದ ಮೇಲೆ
ಇವರ ಗೊರಕೆಯೂ ತಟ್ಟನೆ ನಿಲ್ಲುತ್ತಿತ್ತು.
ಹದಿನೆಂಟು, ಹತ್ತೊಂಬತ್ತು... ಎಣಿಸುತ್ತಿದ್ದೆ.
ಇಪ್ಪತ್ತಾರಕ್ಕೆ ಮೊಣಕೈಯಿಂದ ತಿವಿದರೆ
ಬಾವಿಯ ತಳ ಮುಟ್ಟಿದ ಕೊಡ
ಮೇಲೆದ್ದಂತೆ ಒಂದುಸಿರು.

ಈಗ ಕೊರಳೆಲುಬಿನ ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಯಂತ್ರ.
ಟೀವಿ ರಿಮೋಟಿನ ಪಕ್ಕ ಅದರದೂ ಒಂದು.
ಹಗಲೆಲ್ಲ ಅಂಗಡಿಯಲ್ಲಿ ಮರಾಠಿ, ಗುಜರಾತಿ ಹೊರಳಿಸಿ ದಣಿದು
ಗಂಟಲಿಗೆ ಜಾರುವ ಆ ಎಲುಬಿಲ್ಲದ ನಾಲಗೆಯನ್ನು
ಉಸಿರುಸಿರಿಗೂ ತಳ್ಳುತ್ತದಂತೆ, ಬಸ್ ಕಂಡಕ್ಟರನ ಹಾಗೆ:
ಪುಢೇ ಚಲಾ, ಪುಢೇ ಚಲಾ.

ಬ್ಯಾಟರಿಗೆ ಹನ್ನೊಂದು ವರ್ಷ ಎಂದರು ಡಾಕ್ಟರು.
ನನಗೆ ಎಷ್ಟೆಂದು ಕೇಳಲಿಲ್ಲ.

ಇವರಿಗೆ ನಿದ್ದೆ ಬಂತು. ನನಗೆ ಎಣಿಕೆ ಬಿಡಲಿಲ್ಲ.
ಮೂವತ್ತು. ಮೂವತ್ತೊಂದು.
ಸೆಕೆಂಡಲ್ಲ ಈಗ, ಉಸಿರು.
ತಿವಿಯಲೆಂದು ಎತ್ತಿದ ಮೊಣಕೈ
ಕೆಲಸವಿಲ್ಲದೆ ಕತ್ತಲಲ್ಲಿ
ಮೊದಲ ಗಾಡಿಗೆ ಕಾಯುತ್ತದೆ.